ಸಂಘಮಿತ್ರಾ ಮೇಡಂ ತರಿಸಿದ ಟ್ರಾನ್ಸ್‌ಪೋರ್ಟು

ಪಾವಗಡದಲ್ಲಿ ಟ್ರಾನ್ಸ್‌ಪೋರ್ಟ್ ಅಂದ್ರೆ ಲಾರಿ. ಲಾರಿ, ಪಾರ್ಸಲ್ ಆಫೀಸು, ರಶೀದಿ, ಹಮಾಲಿ, ಅಷ್ಟೆ. ಬೇರೆ ಅರ್ಥ ಇದೆ ಅಂತ ಯಾರಾದ್ರೂ ಹೇಳಿದ್ರೆ ಜನ ಅವರನ್ನ ಮೇಲಿಂದ ಕೆಳಗೆ ನೋಡ್ತಾರೆ. ಈ ಒಂದು ಪದ ತಪ್ಪಾಗಿ ಅರ್ಥ ಆಗಿದ್ದಕ್ಕೇ ಒಂದು ಭಾನುವಾರ ಮಧ್ಯಾಹ್ನ ಸಂಘಮಿತ್ರಾ ಮೇಡಂ ಮನೆ ಮುಂದೆ ಎರಡು ಲಾರಿ ಬಂದು ನಿಂತವು. ಆ ಬೀದಿಯವರು ಇವತ್ತಿಗೂ ಮೇಡಂ ಲಾರಿ ಬಿಸಿನೆಸ್ ಮಾಡೋಕೆ ಹೋಗಿ ಕೈಬಿಟ್ಟರು ಅಂತಲೇ ನಂಬಿದಾರೆ. ನಂಬಲಿ ಬಿಡಿ, ಅವರಿಗೆ ತಿಳಿಹೇಳೋ ತಾಳ್ಮೆ ಯಾರಿಗಿದೆ.

ಸಂಘಮಿತ್ರಾ ಸರ್ಕಾರಿ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡೋಳು. ನಲವತ್ತನಾಲ್ಕು ವಯಸ್ಸು, ನಾಲಿಗೆ ಮಾತ್ರ ಎಂಬತ್ತರದ್ದು. ಮದುವೆ ಯಾಕಾಗಲಿಲ್ಲ ಅಂತ ಕೇಳಿದವರಿಗೆಲ್ಲ ವೋಲ್ಟೇಜ್ ಹೊಂದಲಿಲ್ಲ ಅನ್ನೋಳು. ಗಣೇಶನ ಪೆಂಡಾಲಿನವರು ಸ್ಪೀಕರ್ ಕಿರಿಚಿಸಿದರೆ ಸೀದಾ ಹೋಗಿ ಗುಂಡಿ ತಿರುಗಿಸಿ ಬರೋಳು, ದೇವರು ನಂಬದೋಳಿಗೆ ಯಾಕೆ ಈ ಉಸಾಬರಿ ಅಂದರೆ, ಕಿವಿ ನಂಬ್ತೀನಲ್ಲ ಅನ್ನೋಳು. ಅವಳ ಕಿವಿಗೆ ಕೆಟ್ಟ ಸದ್ದು ಅಂದ್ರೆ ಅನ್ನದಲ್ಲಿ ಕಲ್ಲು ಸಿಕ್ಕಿದಂಗೆ. ಹದಿನೆಂಟು ವರ್ಷದ ಸಂಬಳದಲ್ಲಿ ಒಂದೊಂದೇ ಸಾಮಾನು ತಂದು ನಡುಮನೆಯಲ್ಲಿ ಒಂದು ಹೈ-ಫೈ ಕಟ್ಟಿದ್ದಳು. ಆಂಪ್ಲಿಫೈಯರ್ ಒಂದು, ಎದೆ ಎತ್ತರದ ಸ್ಪೀಕರ್ ಎರಡು, ಅಂಕಿಯನ್ನ ಸದ್ದಾಗಿ ಮಾಡೋ ಡ್ಯಾಕ್ ಅನ್ನೋ ಚಿಕ್ಕ ಪೆಟ್ಟಿಗೆ ಒಂದು. ಸಿಡಿ ಓದೋಕೆ ಮಾತ್ರ ಸಂತೆಯಲ್ಲಿ ಸಿಗೋ ಅಂಥ ಹಳೇ ಡಿವಿಡಿ ಪ್ಲೇಯರು. ಮದುಮಗನಿಗೆ ರೇಷ್ಮೆ ಪಂಚೆ ಉಡಿಸಿ ಕಾಲಿಗೆ ಹರಕು ಚಪ್ಪಲಿ ಹಾಕಿದಂಗೆ ಇತ್ತು ಅದು. ಅವಳಿಗೂ ಗೊತ್ತಿತ್ತು, ಆದರೆ ಬದಲಾಯಿಸೋ ಜರೂರು ಇರಲಿಲ್ಲ.

ಜರೂರು ಬಂದದ್ದು ಬೈರಪ್ಪನಿಂದ.

ಬೈರಪ್ಪ ಮಧುಗಿರಿ ಕಡೆಯವನು, ಎಪ್ಪತ್ತೆರಡು ವಯಸ್ಸಿನ ಹಾಡುಗಾರ. ಮಗ ಕಿರಣ್ ಕುಮಾರ್ ಪಾವಗಡದಲ್ಲಿ ಪಾರ್ಸಲ್ ಆಫೀಸು ಇಟ್ಟು, ಸೋಲಾರ್ ಪಾರ್ಕಿಗೆ ಲಾರಿ ಓಡಿಸಿ ಚೆನ್ನಾಗಿ ಬೆಳೆದ ಮೇಲೆ ಅಪ್ಪನೂ ಇಲ್ಲೇ ಬಂದು ಆಫೀಸಿನ ಮೇಲಿನ ಮನೆಯಲ್ಲಿ ಇದ್ದ. ಇಪ್ಪತ್ತೆರಡು ವರ್ಷದ ಹಿಂದೆ, ಮಧುಗಿರಿಯಲ್ಲಿ ಒಂದು ಫೋಟೊ ಸ್ಟುಡಿಯೋದ ಮಹಡಿ ಮೇಲೆ ರೆಕಾರ್ಡ್ ಮಾಡಿದ ಒಂದು ಸಿಡಿ ಅವನಿಗೆ ಹೆಸರು ತಂದಿತ್ತು. ‘ತಾಯವ್ವನ ಪದಗಳು: ಬೈರಪ್ಪ ಮತ್ತು ಸಂಗಡಿಗರು’ ಅಂತ ಅದರ ಮೇಲೆ ಅಚ್ಚಾಗಿತ್ತು. ಆರು ಹಾಡು, ಆರೂ ಮಾರಮ್ಮನ ಹಾಡು. ಆ ಹಾಡು ಹಿಡಕೊಂಡು ಬೈರಪ್ಪ ಶಾಲು ಹೊದಿಸಿಕೊಳ್ಳದ ಊರಿಲ್ಲ, ಸಿರಾದಿಂದ ಸಿದ್ದರಬೆಟ್ಟದವರೆಗೆ ವೇದಿಕೆ ಹತ್ತದ ಜಾಗ ಇಲ್ಲ. ಎಲ್ಲಿ ಹೋದರೂ ಒಂದೇ ಮಾತು: ನಮ್ಮಜ್ಜಿ ಬಾಯಿಂದ ಕಲಿತದ್ದು ಸ್ವಾಮಿ.

ಅವನಜ್ಜಿ ಬಾಯಿಂದ ಅಲ್ಲ. ಆ ಆರು ಹಾಡೂ ಸಂಘಮಿತ್ರಾಳ ತಾಯಿ ಮಾರಕ್ಕಂದು. ಅವಳು ತನ್ನೂರು ರಾಯಚರ್ಲು ಹೊಲದಲ್ಲಿ ಕಡಲೇಕಾಯಿ ಕೀಳುವಾಗ, ಮಗಳನ್ನ ಬೆನ್ನಿಗೆ ಕಟ್ಟಿಕೊಂಡು ನೀರು ಹೊರುವಾಗ ಹಾಡುತ್ತಿದ್ದ ಪದಗಳು. ಆ ಹೊಲದ ಮೇಲೆ ಈಗ ಸೋಲಾರ್ ಹಲಗೆ ಇದೆ. ಹಾಡಿನ ಮೇಲೆ ಬೈರಪ್ಪನ ಹೆಸರು. ಸಂಘಮಿತ್ರಾಗೆ ಆ ಹಾಡಿನ ಒಂದೊಂದು ಅಕ್ಷರವೂ ತಾಯಿ ಹಾಲಿನ ಜೊತೆ ಒಳಕ್ಕೆ ಹೋದದ್ದು. ಆದರೂ ಅಮ್ಮ ಬೇಡ ಬುಡು ಅಂದಳು ಅಂತ ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡಿದ್ದಳು.

ಈ ವರ್ಷ ಬೈರಪ್ಪನಿಗೆ ಅಭಿನಂದನಾ ಗ್ರಂಥ ಮಾಡಬೇಕು ಅಂತ ತಾಲ್ಲೂಕಿನ ನಾಲ್ಕು ಜನ ಸೇರಿ ಸಭೆ ಕರೆದರು. ಸಂಘಮಿತ್ರಾನೂ ಹೋದಳು. ಆರು ಹಾಡನ್ನೂ ಪುಸ್ತಕದಲ್ಲಿ ‘ಬೈರಪ್ಪನವರ ಮನೆತನದ ಪದಗಳು’ ಅಂತ ಅಚ್ಚು ಹಾಕೋದು ಅಂತ ತೀರ್ಮಾನ ಓದಿದ್ದೇ ತಡ, ಎದ್ದು ನಿಂತಳು.

"ಇವು ನಮ್ಮಮ್ಮನ ಹಾಡು. ಅವಳ ಹೆಸರು ಹಾಕ್ದೆ ಅಚ್ಚು ಮಾಡಿದ್ರೆ ಅದಕ್ಕೆ ಕಳ್ಳತನ ಅಂತ ಹೆಸ್ರು ಬೈರಪ್ಪನವರೇ."

ಬೈರಪ್ಪ ಎದ್ದೇಳಲಿಲ್ಲ. ಕೂತಲ್ಲೇ ಶಾಲು ಸರಿ ಮಾಡಿಕೊಂಡ.

"ಮೇಡಂ, ನಿಮ್ಮಮ್ಮ ಆ ಸಿಡಿಯಾಗೆ ಒಂದಕ್ಷರ ಹಾಡಿಲ್ಲ. ಅವತ್ತು ಬಂದಿದ್ಳು, ಮಹಡಿ ಮೆಟ್ಲ ಮೇಲೆ ಕುಂತಿದ್ಳು, ಎದ್ದು ಹೋದ್ಳು. ಹಾಡಿದ್ರೆ ತೋರ್ಸಿ, ನಾನೇ ನಿಂತು ಅವಳ ಹೆಸ್ರು ಹಾಕಿಸ್ತೀನಿ. ತೋರ್ಸಕ್ಕೆ ಆಗ್ಲಿಲ್ಲ ಅಂದ್ರೆ ಇದೇ ಸಭೇಲಿ ಕಳ್ಳ ಅಂದದ್ದು ತಪ್ಪಾತು ಅಂತ ಹೇಳ್ಬೇಕು."

ಪುಸ್ತಕ ಅಚ್ಚಿಗೆ ಹೋಗೋಕೆ ಒಂದು ತಿಂಗಳು ಇತ್ತು. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಸಂಘಮಿತ್ರಾಳ ಬೆನ್ನ ಹಿಂದೆ ಮನೆವರೆಗೂ ಬಂತು.

ಮಾರಕ್ಕ ಜಗಲಿ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ಮಗಳು ಆದದ್ದೆಲ್ಲ ಹೇಳಿದಳು. ಮಾರಕ್ಕ ತಲೆ ಎತ್ತಲಿಲ್ಲ.

"ನಿನ್ಯಾರು ಓಗು ಅಂದೋರು?"

"ನಿನ್ ಹಾಡು ಕಣಮ್ಮ ಅದು. ನಿಂಗೆ ಹೊಟ್ಟೆ ಉರಿಯಲ್ವಾ?"

"ಉರ್ದು ಉರ್ದು ಬೂದಿ ಆಗೈತೆ. ಕೆದಕ್ಬ್ಯಾಡ."

"ನೀನು ಅವತ್ತು ಹಾಡಿದ್ಯಾ, ಇಲ್ವಾ? ಅದೊಂದು ಹೇಳು."

"ಚಾಲು ಬುಡವ್ವ," ಅಂದಳು ಮಾರಕ್ಕ. ಸಾಕು ಅನ್ನೋಕೆ ಆ ಕಡೆಯವರಿಗೆ ತೆಲುಗಿನ ಚಾಲು ಅನ್ನೋದೇ ಬಾಯಿಗೆ ಬರೋದು. ಆಮೇಲೆ ನಾಲ್ಕು ದಿನ ಮಗಳ ಜೊತೆ ಮಾತಿಲ್ಲ. ಅನ್ನ ಬಡಿಸುವಾಗ ಪಾತ್ರೆ ಕುಕ್ಕುವ ಸದ್ದಷ್ಟೇ.

ಈ ತಾಯಿಯ ಬಾಯಿಂದ ಒಂದು ಮಾತು ಹೊರಡಿಸೋದು ಕಲ್ಲಿನಿಂದ ನಾರು ತೆಗೆದಂಗೆ ಅಂತ ಸಂಘಮಿತ್ರಾಗೆ ಗೊತ್ತಿತ್ತು. ಅಪ್ಪ ಇದ್ದಿದ್ದರೆ ಹೇಳ್ತಿದ್ದರು. ಪೆದ್ದಣ್ಣ ಮೇಷ್ಟ್ರು ತೀರಿ ಹನ್ನೊಂದು ವರ್ಷ. ಪ್ರೈಮರಿ ಸ್ಕೂಲ್ ಮೇಷ್ಟ್ರು, ಆ ಸೀಮೆಯಲ್ಲೇ ಮೊದಲು ಬುದ್ಧನ ಫೋಟೊ ಮನೆಗೆ ತಂದವರು. ಕೋಣ ಕಡಿಯೋ ಕೆಲಸ, ತಮಟೆ ಹೊಡೆಯೋ ಕೆಲಸ ನಮ್ಮ ಕೇರಿಯವರು ಇನ್ನು ಮಾಡಲ್ಲ ಅಂತ ಊರಿನ ಮುಂದೆ ನಿಂತು ಹೇಳಿ ಏಟು ತಿಂದವರು. ಮಗಳಿಗೆ ಹುಟ್ಟಿದಾಗ ಇಟ್ಟಿದ್ದ ಮಾರಮ್ಮ ಅನ್ನೋ ಹೆಸರನ್ನ ಮೂರನೇ ಕ್ಲಾಸಿನಲ್ಲಿ ಅರ್ಜಿ ಬರೆದು ಸಂಘಮಿತ್ರಾ ಅಂತ ಬದಲಾಯಿಸಿದವರು. ಹೆಂಡತಿ ಮಾತ್ರ ಮಾರಕ್ಕ ಆಗೇ ಉಳಿದಳು. ಬದಲಾಯಿಸೋಣ ಅಂದರೆ ಯಾವ ಶಾಲೆಯ ಪುಸ್ತಕದಲ್ಲೂ ಅವಳ ಹೆಸರೇ ಇರಲಿಲ್ಲ. ಫಿಸಿಕ್ಸ್ ಓದಿಸಿದ್ದು ಅಪ್ಪ. ಅನ್ಯಾಯ ಕಂಡರೆ ಎದ್ದು ನಿಲ್ಲು ಅಂತ ಹೇಳಿಕೊಟ್ಟಿದ್ದೂ ಅಪ್ಪ. ಅವರ ಫೋಟೊ ಬುದ್ಧನ ಫೋಟೊ ಪಕ್ಕದಲ್ಲೇ, ಹೈ-ಫೈ ಮೇಲುಗಡೆ ಇತ್ತು.

ಸಂಘಮಿತ್ರಾ ಸಿಡಿಯನ್ನ ಡಿವಿಡಿ ಪ್ಲೇಯರಿನಲ್ಲಿ ಹಾಕಿ ಹಿಮ್ಮೇಳ ಜಾಲಾಡಿದಳು. ಅಮ್ಮನ ದನಿ ಇಲ್ಲ. ಅದನ್ನ ಕಾಲೇಜಿಗೆ ಒಯ್ದು ಲ್ಯಾಬಿನ ಕಂಪ್ಯೂಟರಿಗೆ ತುರುಕಿದಳು. ಹಾಡುಗಳ ಪಟ್ಟಿ ಬಂತು. ಪಟ್ಟಿ ನೋಡಿ ಅವಳ ಬೆರಳು ನಿಂತಿತು. ಮೊದಲ ಹಾಡು ತಟ್ಟೆಯ ಸೊನ್ನೆಯಿಂದ ಶುರುವಾಗಬೇಕು. ಇಲ್ಲಿ ಎರಡು ನಿಮಿಷ ಹತ್ತು ಸೆಕೆಂಡ್ ಆದ ಮೇಲೆ ಶುರುವಾಗುತ್ತಿತ್ತು.

ಆ ಎರಡು ನಿಮಿಷ ಹತ್ತು ಸೆಕೆಂಡಿನಲ್ಲಿ ಏನಿದೆ?

ಕಂಪ್ಯೂಟರಿಗೆ ಅದು ಬೇಕಾಗಿರಲಿಲ್ಲ. ಹಾಡು ಅಂತ ಗುರುತು ಇರೋ ಜಾಗದಿಂದಷ್ಟೇ ಓದಿತು, ಹಿಂದಿನದನ್ನ ಖಾಲಿ ಅಂತ ಬಿಟ್ಟಿತು. ಡಿವಿಡಿ ಪ್ಲೇಯರೂ ಅಷ್ಟೇ, ಹಿಂದಕ್ಕೆ ಓಡಿಸಿದರೆ ಸೊನ್ನೆಗೆ ಬಂದು ಮೊಂಡು ಎತ್ತಿನಂಗೆ ನಿಂತುಬಿಡೋದು. ಖಾಲಿ ಅಂದ್ರೆ ಖಾಲಿ ಅಂತ ಅವಳೇನು ಒಪ್ಪೋಳಲ್ಲ. ರೆಕಾರ್ಡ್ ಮಾಡಿದವನು ಸೋಮಾರಿ ಇರಬೇಕು, ಮುಂಚಿನ ಮಾತುಕತೆ ಕತ್ತರಿಸೋ ಬದಲು ಹಾಡು ಶುರು ಅನ್ನೋ ಗುರುತನ್ನೇ ಮುಂದಕ್ಕೆ ಜರುಗಿಸಿದ್ದಾನೆ ಅಂತ ಅನ್ನಿಸಿತು. ಹಂಗಿದ್ದರೆ ಆ ಮಹಡಿಯ ಮೇಲೆ ಹಾಡಿಗೆ ಮುಂಚೆ ನಡೆದದ್ದು ಇನ್ನೂ ಅಲ್ಲೇ ಇದೆ.

ಹಿಂಗೆ ಅವಳಿಗೆ ಸಿಡಿ ಟ್ರಾನ್ಸ್‌ಪೋರ್ಟ್ ಬೇಕಾಯಿತು. ಅದು ಹಾಡೋ ಯಂತ್ರ ಅಲ್ಲ, ತಟ್ಟೆ ಓದೋ ಯಂತ್ರ. ಓದಿದ ಅಂಕಿಗಳನ್ನ ಒಂದು ತಂತಿಯಲ್ಲಿ ಡ್ಯಾಕಿಗೆ ಸಾಗಿಸುತ್ತೆ, ಸದ್ದು ಮಾಡೋ ಕೆಲಸ ಡ್ಯಾಕಿಂದು. ತನ್ನಷ್ಟಕ್ಕೆ ಅದು ಮೂಗ. ಬೆಂಗಳೂರಿನ ಅಂಗಡಿಯೊಂದಕ್ಕೆ ಫೋನ್ ಮಾಡಿದಳು. ಈಗಿನ ಕಾಲದಲ್ಲಿ ಅದ್ಯಾಕೆ ಮೇಡಂ, ಫೋನಿನಲ್ಲೇ ಎಲ್ಲ ಹಾಡೂ ಸಿಗುತ್ತಲ್ಲ ಅಂದ ಅಂಗಡಿಯವನು. ನಮ್ಮಮ್ಮ ಸಿಗಲ್ಲಪ್ಪ ಅಂತ ಹೇಳಿ ಫೋನ್ ಇಟ್ಟಳು.

ಕೊನೆಗೆ ಸಿರಾದಲ್ಲಿ ರೇಣುಕಪ್ರಸಾದ್ ಅನ್ನೋರ ಸುದ್ದಿ ಸಿಕ್ಕಿತು. ಟೆಲಿಫೋನ್ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ರಿಟೈರ್ ಆದವರು. ಹಳೇ ಹೈ-ಫೈ ಸಾಮಾನು ಕೊಂಡು ರಿಪೇರಿ ಮಾಡಿ ಮಾರುವ ಗೀಳು. ಸಂಘಮಿತ್ರಾ ಸಿಡಿಯನ್ನ ಟವೆಲ್ಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಸಿರಾ ಬಸ್ಸು ಹತ್ತಿದಳು. ಆ ಮನುಷ್ಯ ಬಾಗಿಲು ತೆಗೆದ ಕೂಡಲೇ ಕೈ ನೋಡಿದರು, ಮುಖ ಅಲ್ಲ.

"ಕೈ ತೊಳೆದು ಬನ್ನಿ. ಇಲ್ಲಿ ಇರೋದೆಲ್ಲ ಗಾಜಿನ ಕಣ್ಣು, ಲೆನ್ಸು."

"ನನ್ ಕೈಗೇನಾಗಿದೆ?"

"ಬಸ್ಸಿನ ಕಂಬಿ ಹಿಡಿದಿದೀರಿ. ಜಲ್ದಿ ತೊಳೀರಿ."

ತೊಳೆದಳು, ಬೈಕೊಂಡೇ ತೊಳೆದಳು. ಮೂರು ಟ್ರಾನ್ಸ್‌ಪೋರ್ಟ್ ತೋರಿಸಿದರು. ಮೊದಲನೆಯದು ಹೊಸದು, ತೆಳ್ಳಗೆ, ಬಾಯಿಗೆ ತಟ್ಟೆ ಇಟ್ಟರೆ ಎಳೆದುಕೊಳ್ಳೋದು. ನೋಡೋಕೆ ಚೆಂದ. ಇಪ್ಪತ್ತೆರಡು ವರ್ಷದ ಹಳೇ ತಟ್ಟೆ ನುಂಗಿ, ಅರ್ಧ ನಿಮಿಷ ಗೊರಗೊರ ಅಂದು, ಡಿಸ್ಕ್ ಇಲ್ಲ ಅಂತ ಬರೆಯಿತು. ಕೊಟ್ಟ ತಟ್ಟೆಯನ್ನ ವಾಪಸ್ ಕೊಡೋಕೂ ಸತಾಯಿಸಿತು.

"ಕಂಪನೀಲಿ ಅಚ್ಚು ಹಾಕಿದ್ದಲ್ಲ, ಅಂಗಡೀಲಿ ಕಂಪ್ಯೂಟರಿನಿಂದ ಬರೆದ ತಟ್ಟೆ ಇದು. ಇದರ ಕಣ್ಣಿಗೆ ಕಾಣಲ್ಲ," ಅಂದರು ರೇಣುಕಪ್ರಸಾದ್.

ಎರಡನೆಯದು ಮೇಲಿನಿಂದ ಮುಚ್ಚಳ ತೆಗೆದು ಇಡೋದು. ಓದಿತು. ಆದರೆ ಹಿಂದಕ್ಕೆ ಓಡಿಸಿದರೆ ಸೊನ್ನೆಗೆ ನಿಂತಿತು.

"ಇದನ್ನೇ ತಗೊಳ್ಳಿ. ತೂಕ ನೋಡಿ, ಕರೆಂಟಿನ ಭಾಗ ನೋಡಿ, ನಿಮ್ಮ ಡ್ಯಾಕಿಗೆ ಇದಕ್ಕಿಂತ ಒಳ್ಳೇ ಜೋಡಿ ಇಲ್ಲ."

"ನಂಗೆ ಸೊನ್ನೆ ಹಿಂದಕ್ಕೆ ಹೋಗೋದು ಬೇಕು."

"ಸೊನ್ನೆ ಹಿಂದೆ ಏನೂ ಇರಲ್ಲ ಮೇಡಂ."

"ಫಿಸಿಕ್ಸ್ ಮೇಡಂಗೆ ಅದನ್ನ ಹೇಳ್ಬೇಡಿ."

ಆಗ ಅವರು ಮೊದಲ ಸಲ ಅವಳ ಮುಖ ನೋಡಿದರು. ಗೊಣಗುತ್ತಾ ಮಂಚದ ಕೆಳಗಿಂದ ಮೂರನೆಯದನ್ನ ಎಳೆದರು. ಮೂವತ್ತು ವರ್ಷದ್ದು, ಟ್ರೇ ಹೊರಗೆ ಬರೋ ಮಾದರಿ, ಕಬ್ಬಿಣದ ಪೆಟ್ಟಿಗೆ, ಮೂಲೆಯಲ್ಲಿ ಬಣ್ಣ ಹೋಗಿತ್ತು. ಟ್ರೇ ಹೊರಬರುವಾಗ ಮುದುಕರು ಏಳುವಂಗೆ ನರಳಿತು. ತಟ್ಟೆ ಓದಿತು. ಸಂಘಮಿತ್ರಾ ಹಿಂದಕ್ಕೆ ಓಡಿಸೋ ಗುಂಡಿ ಒತ್ತಿ ಹಿಡಿದಳು. ಅಂಕಿ ಸೊನ್ನೆಗೆ ಬಂತು. ಸೊನ್ನೆ ದಾಟಿತು. ಅಂಕಿಯ ಮುಂದೆ ಒಂದು ಸಣ್ಣ ಗೆರೆ ಮೂಡಿತು. ಒಂದು ನಿಮಿಷ ಹಿಂದೆ, ಎರಡು ನಿಮಿಷ ಹಿಂದೆ, ಎರಡು ಹತ್ತಕ್ಕೆ ನಿಂತಿತು. ಕೈಬಿಟ್ಟಾಗ ಅಲ್ಲಿಂದ ಮುಂದಕ್ಕೆ ಓಡತೊಡಗಿತು, ಸದ್ದಿಲ್ಲದೆ.

"ಕೇಳ್ಬೇಕು. ಡ್ಯಾಕ್ ಹಾಕಿ."

"ಡ್ಯಾಕ್ ಮೊನ್ನೆ ಮಾರಿಬಿಟ್ಟೆ. ಅಂಕಿ ಓಡ್ತಿದೆಯಲ್ಲ, ಮನೇಲಿ ಕೇಳ್ಕೊಳ್ಳಿ."

ಮೂಗನ ಮುಂದೆ ಕೂತು ಮಾತಿಗೆ ಕಾದಂಗಾಯಿತು ಅವಳ ಪಾಡು. ಎರಡು ನಿಮಿಷ ಹತ್ತು ಸೆಕೆಂಡ್ ಆ ಅಂಕಿಯನ್ನೇ ನುಂಗುವಂತೆ ನೋಡಿದಳು. ಹೊತ್ತುಕೊಂಡು ಹೋಗ್ತೀನಿ ಅಂದಳು. ಟ್ರೇಯ ಬೆಲ್ಟು ಸವೆದಿದೆ, ಹೊಸದು ಹಾಕದೆ ನನ್ನ ಮನೆಯಿಂದ ಸಾಮಾನು ಆಚೆ ಹೋಗಲ್ಲ ಅಂತ ರೇಣುಕಪ್ರಸಾದ್ ಹಟ ಹಿಡಿದರು. ಬೆಲ್ಟು ಹಾಕಿ ಟ್ರಾನ್ಸ್‌ಪೋರ್ಟಿಗೆ ಹಾಕ್ತೀನಿ, ನಾಲ್ಕು ದಿನಕ್ಕೆ ಬರುತ್ತೆ ಅಂದರು. ಅವಳು ಹಲ್ಲು ಕಡಿಯುತ್ತಾ ಸಿಡಿಯೊಂದನ್ನೇ ಹಿಡಕೊಂಡು ಬಸ್ಸು ಹತ್ತಿದಳು.

ರೇಣುಕಪ್ರಸಾದ್ ಮಾತಿಗೆ ತಪ್ಪಲಿಲ್ಲ. ಪೆಟ್ಟಿಗೆ ಕಟ್ಟಿ, ಮೇಲೆ ದಪ್ಪ ಅಕ್ಷರದಲ್ಲಿ ‘ಸಿ.ಡಿ. ಟ್ರಾನ್ಸ್‌ಪೋರ್ಟ್, ಸಂಘಮಿತ್ರಾ, ಪಾವಗಡ’ ಅಂತ ಬರೆದು ಲಾರಿಗೆ ಹಾಕಿದರು. ಆ ಲಾರಿ ಬಂದು ಇಳಿಸಿದ್ದು ಕಿರಣ್ ಕುಮಾರನ ಪಾರ್ಸಲ್ ಆಫೀಸಿಗೆ. ಅವನು ಓದಿಕೊಂಡದ್ದು ತನಗೆ ಗೊತ್ತಿದ್ದ ಭಾಷೆಯಲ್ಲಿ. ಆ ಸೀಮೆಯಲ್ಲಿ ಲಾರಿ ಕಂಪನಿಗಳಿಗೆಲ್ಲ ಇಂಥವೇ ಎರಡಕ್ಷರ, ಮೂರಕ್ಷರದ ಹೆಸರು. ಸಿ.ಡಿ. ಟ್ರಾನ್ಸ್‌ಪೋರ್ಟ್ ಅಂತ ಹೊಸ ಲೈನು ಬಂದಿದೆ, ಯಜಮಾನಿ ಸಂಘಮಿತ್ರಾ, ಸಿರಾದಲ್ಲಿ ಬ್ರಾಂಚು. ಪೆಟ್ಟಿಗೆ ಭಾರ ನೋಡಿದರೆ ಒಳಗೆ ರಶೀದಿ ಪುಸ್ತಕ, ಬೋರ್ಡು ಇರಬೇಕು. ಅಪ್ಪನ ಮೇಲಿನ ಹಗೆಗೆ ಮಗನ ಹೊಟ್ಟೆ ಮೇಲೆ ಹೊಡೆಯೋಕೆ ಬಂದಿದಾಳೆ, ಸೋಲಾರ್ ಪಾರ್ಕಿನ ಬಾಡಿಗೆಗೆ ಕೈ ಹಾಕಿದಾಳೆ ಅಂತ ಅವನ ರಕ್ತ ಕುದಿಯಿತು.

ಭಾನುವಾರ ಊಟದ ಹೊತ್ತಿಗೆ ಎರಡು ಲಾರಿ ತಂದು ಅವಳ ಬೀದಿಗೆ ಅಡ್ಡ ನಿಲ್ಲಿಸಿದ. ಪೆಟ್ಟಿಗೆ ಹೊತ್ತುಕೊಂಡು ಅವನು ಇಳಿದ, ಹಿಂದೆ ಊರುಗೋಲು ಹಿಡಿದು ಬೈರಪ್ಪ.

"ಏನ್ ಮೇಡಂ, ಟ್ರಾನ್ಸ್‌ಪೋರ್ಟ್ ತಗೊಂಡ್ರಂತೆ?"

"ಹೂಂ, ತಗೊಂಡೆ," ಅಂದಳು ಸಂಘಮಿತ್ರಾ. ಪೆಟ್ಟಿಗೆ ಕಂಡು ಅವಳ ಗಮನವೆಲ್ಲ ಅದರ ಮೇಲೆ. "ಮೆಲ್ಲಗೆ ಇಡಪ್ಪ, ಗಾಜಿನ ಕಣ್ಣೈತೆ ಅದ್ರಾಗೆ."

"ಇಷ್ಟು ದಿನ ಪಾಠ ಮಾಡ್ಕೊಂಡಿದ್ದೋರು ಈಗ್ಯಾಕೆ? ಯಾವ ರೂಟು?"

"ನಮ್ಮನೆ ನಡುಮನೆಗೆ. ರೂಟು ಕಟ್ಕೊಂಡು ನಿಂಗೇನಾಗ್ಬೇಕು?"

"ಎಷ್ಟು ಗಾಡಿ?"

"ಯಾವ್ ಗಾಡಿ ಕಣೋ, ಬಿಸಿಲಿಗೆ ತಲೆ ಕೆಟ್ಟಿದ್ಯಾ?"

ಅಕ್ಕಪಕ್ಕದ ಬಾಗಿಲೆಲ್ಲ ತೆರೆದವು. ಒಬ್ಬರ ಮಾತು ಒಬ್ಬರಿಗೆ ಅರ್ಥ ಆಗದೆ ಇಬ್ಬರೂ ಸಾಕಷ್ಟು ಬೈದಾಡಿದ ಮೇಲೆ, ಸಂಘಮಿತ್ರಾ ಜಗಲಿ ಮೇಲೆಯೇ ಪೆಟ್ಟಿಗೆ ಬಿಚ್ಚಿದಳು. ಒಳಗಿಂದ ಕಪ್ಪು ಕಬ್ಬಿಣದ ಯಂತ್ರ ಬಂತು. ಕಿರಣ್ ಕುಮಾರ್ ಅದನ್ನ ಸುತ್ತು ಹಾಕಿ ನೋಡಿದ.

"ಇದಾ ಟ್ರಾನ್ಸ್‌ಪೋರ್ಟು?"

"ಇದೇ. ನಿಮ್ಮಪ್ಪ ಸಭೇಲಿ ತೋರ್ಸಿ ಅಂದ್ರಲ್ಲ, ಅದನ್ನ ಹೊತ್ಕೊಂಡು ಬರೋ ಟ್ರಾನ್ಸ್‌ಪೋರ್ಟು." ಬೈರಪ್ಪನ ಕಡೆ ತಿರುಗಿದಳು. "ಬಂದೋರು ಹಂಗೇ ಹೋಗ್ಬ್ಯಾಡಿ. ಒಳಗೆ ಬನ್ನಿ. ನನಗೂ ಇದರಾಗೆ ಏನೈತೆ ಗೊತ್ತಿಲ್ಲ, ಒಟ್ಟಿಗೇ ಕೇಳಣ. ಏನೂ ಇಲ್ಲ ಅಂದ್ರೆ ಇಲ್ಲೇ, ಈ ಬೀದಿಯೋರ ಮುಂದೇನೇ ತಪ್ಪಾತು ಅಂತೀನಿ."

ಬೈರಪ್ಪ ಹಿಂದೆ ಮುಂದೆ ನೋಡಿದ. ಬೀದಿ ಪೂರಾ ಅವನನ್ನೇ ನೋಡುತ್ತಿತ್ತು. ಒಳಗೆ ಬಂದ.

ಮಾರಕ್ಕ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದಳು. ಮಗಳು ತಂತಿ ಚುಚ್ಚುವುದನ್ನ ನೋಡಿ, "ಏಯ್, ತೆಗೆ ಅದ್ನ," ಅಂದಳು. ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಇತ್ತು. ಸಂಘಮಿತ್ರಾ ಕೇಳಿಸಿಕೊಳ್ಳಲಿಲ್ಲ. ತಟ್ಟೆ ಇಟ್ಟಳು, ಗುಂಡಿ ಒತ್ತಿ ಹಿಡಿದು ಸೊನ್ನೆ ದಾಟಿಸಿ ಎರಡು ಹತ್ತಕ್ಕೆ ಒಯ್ದು ಬಿಟ್ಟಳು.

ಮೊದಲು ಫ್ಯಾನಿನ ಸದ್ದು. ಕುರ್ಚಿ ಎಳೆದ ಸದ್ದು. ಆಮೇಲೆ ಬೈರಪ್ಪನ ಇಪ್ಪತ್ತೆರಡು ವರ್ಷ ಹಿಂದಿನ ದನಿ, ಎರಡು ಸ್ಪೀಕರಿನ ನಡುವೆ ಅವನೇ ಬಂದು ಕೂತಂಗೆ: "ಶುರು ಹೆಂಗೆ ಮಾರಕ್ಕ? ಇನ್ನೊಂದು ಸಲ ಎತ್ತು, ಹಿಡ್ಕಂತೀನಿ."

ಎತ್ತಿದಳು ಮಾರಕ್ಕ.

ಬೇವಿನ ನೆಳಲಾಗೆ ತಂಗಾಳಿ ಬೀಸ್ಯಾದೆ
ಬಾಯಾರಿ ಬಂದೋಳೆ ಕುಂದರವ್ವ
ಕೆರೆ ನೀರು ಬತ್ತ್ಯಾದೆ, ಕಣ್ಣೀರು ಬತ್ತಿಲ್ಲ
ಕೊಡದಾಗೆ ತಂದೀನಿ ಕುಡಿಯವ್ವ

ಐವತ್ತರ ಹತ್ತಿರದ ಹೆಂಗಸಿನ ಗಂಟಲು, ಒಂದು ಚೂರೂ ಅಳುಕಿಲ್ಲ. ಮೂರನೇ ಸಾಲಿನಲ್ಲಿ ಉಸಿರು ಎಳಕೊಂಡದ್ದು, ಕೈಬಳೆ ಸರಿದದ್ದು ಎಲ್ಲ ನಡುಮನೆಯಲ್ಲೇ ಆದಂಗೆ ಕೇಳಿತು. ಸಂಘಮಿತ್ರಾಗೆ ಗೆದ್ದೆ ಅನ್ನಿಸಿತು. ಬೈರಪ್ಪನ ಮುಖಕ್ಕೆ ಮುಖ ಕೊಟ್ಟು ನಿಂತಳು. ಕಿರಣ್ ಕುಮಾರ್ ಅಪ್ಪನ ಕಡೆ ನೋಡಿ ಮುಖ ತಿರುಗಿಸಿದ. ಬೈರಪ್ಪ ಮಾತ್ರ ಕಣ್ಣು ಕೆಳಗೆ ಹಾಕಿರಲಿಲ್ಲ, ಇನ್ನೇನೋ ಬರಲಿ ಅಂತ ಕಾದವನಂತೆ ಸ್ಪೀಕರ್ ಕಡೆಗೇ ನೋಡುತ್ತಿದ್ದ.

"ಚಾಲು."

ಸ್ಪೀಕರಿನಿಂದ ಬಂದ ಆ ಒಂದು ಪದಕ್ಕೆ ಸಂಘಮಿತ್ರಾಳ ಬೆನ್ನು ತಾನಾಗೇ ನೆಟ್ಟಗಾಯಿತು. ಗಲಾಟೆ ಮಾಡೋ ಕ್ಲಾಸಿಗೆ ಬೆತ್ತ ಎತ್ತದೆ ಹೇಳ್ತಿದ್ದ ಪದ, ಅದೇ ಎಳೆತ. ಪೆದ್ದಣ್ಣ ಮೇಷ್ಟ್ರು.

"ಚಾಲು ಮಾರಕ್ಕ, ಎದ್ದೇಳು. ಆರೂ ಪದ ಹೇಳ್ಕೊಡ್ತೀನಿ ಅಂತ ನೀನಂದೆ, ಹೇಳ್ಕೊಟ್ಟೆ, ಆತು. ಬೈರಪ್ಪ, ಹಾಡೋದು ನೀನೇ ಹಾಡ್ಕೋ. ಇವಳ ದನಿ ಬ್ಯಾಡ, ಹೆಸ್ರು ಹಾಕ್ಬ್ಯಾಡ. ಮಾರಮ್ಮನ್ನ ಬುಟ್ಟು ಹೊರಕ್ಕೆ ಬಂದಿವಿ ಅಂತ ಊರ ಮುಂದೆ ಹೇಳ್ಕೊಂಡು ಏಟು ತಿಂದೋನು ನಾನು. ನನ್ ಹೆಂಡ್ತಿ ಮಾರಮ್ಮನ ಪದ ಹಾಡಿ ಹೆಸ್ರು ಮಾಡಿದ್ಳು ಅಂದ್ರೆ ನಾನು ಯಾವ್ ಮುಖ ಇಟ್ಕೊಂಡು ತಿರುಗ್ಲಿ? ನಿಮ್ಮಜ್ಜಿದು ಅಂತ ಹೇಳ್ಕೋ ಹೋಗು."

"ಒಂದೇ ಒಂದು ಪದ ಹಾಡ್ತೀನಿ," ಅಂತು ಮಾರಕ್ಕನ ದನಿ.

"ಎದ್ದೇಳು ಅಂದ್ನಲ್ಲ."

ಬಳೆ ಸದ್ದಾಯಿತು. ಬಾಗಿಲು ಮುಚ್ಚಿದ ಸದ್ದಾಯಿತು. ಅಂಕಿ ಸೊನ್ನೆಗೆ ಬಂತು, ಬೈರಪ್ಪನ ಹಾಡು ಶುರುವಾಯಿತು. ಸಂಘಮಿತ್ರಾ ಗುಂಡಿ ಒತ್ತಿ ನಿಲ್ಲಿಸಿದಳು.

"ಸಮಾಧಾನ ಆತಾ ಮೇಡಂ?" ಅಂದ ಬೈರಪ್ಪ. "ಇಪ್ಪತ್ತೆರಡು ವರ್ಷ ನಿಮ್ಮಪ್ಪನ ಮಾತು ಕಾಪಾಡ್ದೆ. ಅದಕ್ಕೆ ಸಭೇಲಿ ನಿಮ್ಮ ಕೈಲಿ ಕಳ್ಳ ಅನ್ನಿಸ್ಕೊಂಡೆ."

"ಮಾತು ಕಾಪಾಡಿದ್ರಿ, ಶಾಲೂ ಕಾಪಾಡ್ಕೊಂಡ್ರಿ. ಅಪ್ಪ ಹೋಗಿ ಹನ್ನೊಂದು ವರ್ಷ ಆಯ್ತಲ್ಲ, ಆಮೇಲಾದ್ರೂ ನಿಜ ಹೇಳೋಕೆ ಯಾರು ನಿಮ್ಮ ಬಾಯಿ ಹೊಲಿದಿದ್ರು?"

ಹಂಗೆ ಗದರಿದಳು, ಆದರೆ ಅವಳ ಗದರಿಕೆಯಲ್ಲಿ ಕಸುವಿರಲಿಲ್ಲ. ಇಷ್ಟು ವರ್ಷ ಯಾರ ಫೋಟೊ ನೋಡಿ ಧೈರ್ಯ ತಗೊಂಡಳೋ, ಅವರೇ ಅಮ್ಮನನ್ನ ಎಬ್ಬಿಸಿ ಆಚೆ ಕಳಿಸಿದ್ದರು. ಅಪ್ಪನ ಮೇಲೆ ಸಿಟ್ಟು ಬಂತು. ಅಪ್ಪ ತಿಂದ ಏಟು ನೆನಪಾಗಿ ಆ ಸಿಟ್ಟಿನ ಮೇಲೇ ಸಿಟ್ಟು ಬಂತು. ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ, ಇಪ್ಪತ್ತು ಸಲ ಬುಡು ಅಂದ ಅಮ್ಮನ ಮಾತು ಕೇಳದ ತನ್ನ ಮೇಲೆ ಸಿಟ್ಟು ಬಂತು. ತಟ್ಟೆ ತೆಗೆಯೋಕೆ ಟ್ರೇ ಗುಂಡಿಗೆ ಕೈ ಹಾಕಿದಳು.

"ತೆಗೀಬ್ಯಾಡ," ಅಂದಳು ಮಾರಕ್ಕ.

ಅಡಿಗೆಮನೆ ಬಾಗಿಲು ಬಿಟ್ಟು ಬಂದು ನಡುಮನೆಯ ಕುರ್ಚಿಯಲ್ಲಿ, ಬೈರಪ್ಪನ ಸಮಕ್ಕೆ ಕೂತಳು. ಅವನ ಎದುರು ಅವಳು ಕುರ್ಚಿ ಮೇಲೆ ಕೂತದ್ದನ್ನ ಯಾರೂ ನೋಡಿರಲಿಲ್ಲ.

"ಇನ್ನೊಂದ್ಸಲ ಹಾಕು."

ಸಂಘಮಿತ್ರಾ ಹಿಂದಕ್ಕೆ ಒಯ್ದು ಹಾಕಿದಳು. ಮಾರಕ್ಕ ತನ್ನ ದನಿಯನ್ನ ಕಣ್ಣು ಮುಚ್ಚದೆ ಕೇಳಿದಳು. ನಾಲ್ಕನೇ ಸಾಲು ಮುಗಿಯುತ್ತಿದ್ದಂತೆ, ಮುಂದಿನದು ಅಮ್ಮನಿಗೆ ಬೇಡ ಅಂತ ಮಗಳು ನಿಲ್ಲಿಸೋಕೆ ಹೋದಳು. ಮಾರಕ್ಕ ಅವಳ ಮಣಿಕಟ್ಟು ಹಿಡಿದಳು.

"ಬುಡು, ಅವ್ರ ಮಾತೂ ಬರ್ಲಿ. ಅವತ್ತು ಉತ್ರ ಕೊಡದೆ ಎದ್ದು ಬಂದೆ."

"ಚಾಲು ಮಾರಕ್ಕ, ಎದ್ದೇಳು," ಅಂದರು ಪೆದ್ದಣ್ಣ ಮೇಷ್ಟ್ರು.

"ಏಳಲ್ಲ," ಅಂದಳು ಮಾರಕ್ಕ.

"ಇವಳ ದನಿ ಬ್ಯಾಡ, ಹೆಸ್ರು ಹಾಕ್ಬ್ಯಾಡ."

"ಯಾಕ್ ಹಾಕ್ಬಾರ್ದು ಮೇಷ್ಟ್ರೇ? ಮಾರಮ್ಮನ್ನ ಬುಟ್ಟೋರು ನೀವು. ನಿಮ್ ಜೊತೆ ನಾನೂ ಬುಟ್ಟೆ, ಕೋಣ ಬುಟ್ಟೆ, ಜಾತ್ರೆ ಬುಟ್ಟೆ. ಪದ ಮಾರಮ್ಮಂದಲ್ಲ, ನಂದು. ನನ್ ಗಂಟ್ಲು ಬುಡು ಅಂತ ಯಾವ್ ಬುದ್ಧ ಹೇಳಿದ್ದ?"

ಸ್ಪೀಕರಿನಲ್ಲಿ ಬಾಗಿಲು ಮುಚ್ಚಿತು. ಹಾಡು ಶುರುವಾಗೋ ಮುಂಚೆ ಸಂಘಮಿತ್ರಾ ನಿಲ್ಲಿಸಿದಳು. ಮಾರಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಬೈರಪ್ಪನ ಕಡೆ ತಿರುಗಿದಳು. ಅಣ್ಣ ಅನ್ನಲಿಲ್ಲ, ಬೈರಪ್ಪಾರೇ ಅನ್ನಲಿಲ್ಲ.

"ಬರ್ಸು ಬೈರಪ್ಪ, ಪುಸ್ತಕದಾಗೆ. ರಾಯಚರ್ಲು ಮಾರಕ್ಕ ಅಂತ ಅಷ್ಟೇ ಬರ್ಸು. ಪೆದ್ದಣ್ಣನ ಹೆಂಡ್ತಿ ಅಂತ ಬ್ಯಾಡ."